ಗಾಜು ಇಳಿಸಿದರೆ ಅಣ್ಣ, ಏರಿಸಿದರೆ ಡಬ್ಬಿ

ಸೈಕಲ್ಲಿನವರು ಕಾರಿನವರಿಗೆ ಇಡುವ ಅಡ್ಡಹೆಸರುಗಳ ಬಗ್ಗೆ ಶಿರಸಿಯಲ್ಲಿ ಮೊನ್ನೆ ಭಾನುವಾರ ಸಂಜೆ ಒಂದಷ್ಟು ಜನರ ಮುಂದೆ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಕೊಡುತ್ತಿದ್ದೇನೆ. ಅವತ್ತು ಮಳೆ ಜೋರಿತ್ತು, ತಗಡಿನ ಮೇಲೆ ಬೀಳುವ ಸದ್ದಿಗೆ ಹಿಂದಿನ ಸಾಲಿನವರಿಗೆ ಅರ್ಧ ಕೇಳಿಸಿರಲಿಕ್ಕಿಲ್ಲ. ಅವತ್ತು ಮರೆತ ಎರಡು ಮಾತು ಇಲ್ಲಿ ಸೇರಿವೆ. ಹೇಳಬಾರದಿತ್ತು ಅನ್ನಿಸಿದ ಒಂದು ಮಾತು ತೆಗೆದಿದ್ದೇನೆ, ಅದು ಯಾವುದು ಅಂತ ಬಂದವರಿಗೆ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಕಾರೂ ಇದೆ. ಚಿಕ್ಕದು, ಎಂಟು ವರ್ಷ ಹಳೆಯದು, ಕೆಎ 31. ಹಾಗಾಗಿ ಇವಳು ಕಾರಿನವರಿಗೆ ಚೆನ್ನಾಗಿ ಬೈಯುತ್ತಾಳೆ, ಕೇಳಿ ಚಪ್ಪಾಳೆ ಹೊಡೆದು ಹೋಗೋಣ ಅಂತ ಬಂದವರಿಗೆ ಸ್ವಲ್ಪ ನಿರಾಸೆ ಆಗಬಹುದು. ಬೈಗುಳ ಇಲ್ಲ ಅಂತಲ್ಲ, ಇದೆ. ಆದರೆ ನಾನು ಹೇಳಲಿಕ್ಕೆ ಹೊರಟಿದ್ದು ಆ ಬೈಗುಳ ಎಲ್ಲಿಂದ ಬರುತ್ತದೆ ಅನ್ನೋದು.

ನಾವು ಏಳೆಂಟು ಜನ ವಾರಕ್ಕೆ ಮೂರು ದಿನ ಬೆಳಿಗ್ಗೆ ಐದೂವರೆಗೆ ಸೈಕಲ್ ಹತ್ತುತ್ತೇವೆ. ಒಂದು ದಿನ ಬನವಾಸಿ ಕಡೆ, ಒಂದು ದಿನ ಸಿದ್ದಾಪುರ ಕಡೆ. ತಿಂಗಳಿಗೊಮ್ಮೆ ಹುಮ್ಮಸ್ಸು ಬಂದರೆ ದೇವಿಮನೆ ಘಾಟಿ ಇಳಿದು ಕುಮಟೆಗೆ, ಸುಮಾರು 60 ಕಿಮೀ. ಇಳಿಯೋದು ಸುಖ. ವಾಪಸ್ ಹತ್ತುವಾಗ ಇಬ್ಬರು ಮೂವರು ಸೈಕಲ್ಲನ್ನು ಟೆಂಪೋಕ್ಕೆ ಹಾಕಿ ಬರುತ್ತಾರೆ, ಅವರ ಹೆಸರು ಹೇಳುವುದಿಲ್ಲ.

ಸಾಲಾಗಿ ಹೋಗುವಾಗ ಮುಂದಿನವನು ಕೂಗುತ್ತಾನೆ: ಹೊಂಡ! ಜಲ್ಲಿ! ದನ! ಕೊನೆಯವನಿಗೆ ಒಂದೇ ಕೆಲಸ, ಹಿಂದಿನಿಂದ ಗಾಡಿ ಬಂದರೆ ಕೂಗೋದು. ಇಂಗ್ಲಿಷ್ ಮಾತಾಡುವ ಊರುಗಳಲ್ಲಿ ಇದಕ್ಕೆ 'ಕಾರ್ ಬ್ಯಾಕ್' ಅನ್ನುತ್ತಾರೆ. ನಮ್ಮಲ್ಲಿ 'ಡಬ್ಬಿ!' ಅಷ್ಟೇ. 'ಹಿಂದಿನಿಂದ ಕಾರು ಬರ್ತಾ ಇದೆ, ಎಡಕ್ಕೆ ಬನ್ನಿ' ಅಂತ ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕಾರು ಹೋಗಿಯೂ ಆಗಿರುತ್ತದೆ. ಅಂದರೆ ಈ ಮಾತು ಶುರುವಿನಲ್ಲಿ ಬೈಗುಳವೇ ಅಲ್ಲ. ಅಮ್ಮ ಮಕ್ಕಳಿಗೆ 'ಗುಮ್ಮ' ಅಂದ ಹಾಗೆ, ಹುಷಾರಿ ಹೇಳಲಿಕ್ಕೆ ಬಂದ ಮಾತು. ಬೈಗುಳ ಆಗಿದ್ದು ಆಮೇಲೆ, ಹುಷಾರಿ ಹೇಳಿ ಹೇಳಿ ಸಾಕಾದ ಮೇಲೆ.

ಡಬ್ಬಿಯಲ್ಲೂ ಜಾತಿಗಳಿವೆ. ದೊಡ್ಡ ಎತ್ತರದ ಗಾಡಿಗಳು 'ಕಪಾಟು'. ಅದೇ ಬಿಳಿ ಬಣ್ಣದ್ದಾದರೆ 'ಫ್ರಿಜ್ಜು'. ಶನಿವಾರ ಬೆಳಿಗ್ಗೆ ಗೋಕರ್ಣ, ಮುರ್ಡೇಶ್ವರಕ್ಕೆ ಅಂತ ರಾತ್ರಿಯಿಡೀ ಓಡಿಸಿಕೊಂಡು ಬಂದು ಘಾಟಿಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಇಳಿಯುವ ಗಾಡಿಗಳು 'ಸೊನ್ನೆ'. ಬೆಂಗಳೂರಿನ ನಂಬರು 01, 02, 03 ಅಂತ ಸೊನ್ನೆಯಿಂದ ಶುರುವಾಗುತ್ತದಲ್ಲ, ಅದಕ್ಕೆ. ತುಮಕೂರು 06, ಮೈಸೂರು 09. ಪಾಪ, ಅವರೂ ಸುಮ್ನೆ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಕಾರವಾರ, ಶಿರಸಿ, ಹೊನ್ನಾವರದ ನಮ್ಮ 30, 31, 47ಕ್ಕೆ ಮಾತ್ರ ಹೆಸರಿಲ್ಲ. ಅದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೈಗೆ ತಾಗುವ ಹಾಗೆ ಪಕ್ಕದಲ್ಲೇ ನುಗ್ಗಿಸಿಕೊಂಡು ಹೋದರೆ 'ಗಾಳಿ ಹಾಕಿದ' ಅನ್ನುತ್ತೇವೆ. ಲಾರಿಯೋ ಕಾರೋ ಅಷ್ಟು ಹತ್ತಿರ ಹೋದಾಗ ಒಂದು ಗಾಳಿ ಹೊಡೆಯುತ್ತದೆ, ಮೊದಲು ಹೊರಕ್ಕೆ ತಳ್ಳುತ್ತದೆ, ಮರುಕ್ಷಣ ಒಳಕ್ಕೆ ಎಳೆಯುತ್ತದೆ. ಆ ಎಳೆತ ಇದೆಯಲ್ಲ, ಅದನ್ನು ಕಾರಲ್ಲಿ ಕೂತವರಿಗೆ ಹೇಳಿ ಅರ್ಥ ಮಾಡಿಸಲಿಕ್ಕೆ ಆಗುವುದಿಲ್ಲ. 'ಪುಕ್ಕಟೆ ಗಾಳಿ ಹಾಕ್ಹೋದ ನೋಡು' ಅಂತ ನಗುತ್ತೇವೆ, ಕೈ ಮಾತ್ರ ಇನ್ನೂ ನಡುಗುತ್ತಿರುತ್ತದೆ. ಬ್ರಿಟನ್ನಿನಲ್ಲಿ 2022ರ ಜನವರಿಯಿಂದ ರಸ್ತೆ ನಿಯಮದ ಪುಸ್ತಕದಲ್ಲೇ ಬರೆದಿದ್ದಾರೆ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ ದಾಟುವಾಗ ಕನಿಷ್ಠ 1.5 ಮೀಟರ್ ಜಾಗ ಬಿಡಿ, ವೇಗ ಹೆಚ್ಚಿದ್ದರೆ ಇನ್ನೂ ಜಾಸ್ತಿ ಬಿಡಿ ಅಂತ. ಒಂದೂವರೆ ಮೀಟರ್ ಅಂದರೆ ಸೀರೆಯ ಅಗಲಕ್ಕಿಂತ ತುಸು ಜಾಸ್ತಿ. ನಮಗೆ ರವಿಕೆ ಕಣದಷ್ಟು ಬಿಟ್ಟರೂ ಆ ಡ್ರೈವರಿಗೆ ಒಳ್ಳೆಯದಾಗಲಿ ಅನ್ನುತ್ತೇವೆ.

ಇನ್ನು ಬಾಗಿಲು. ಇದು ನನಗೇ ಆದದ್ದು. ದೇವಿಕೆರೆ ಹತ್ತಿರ, ಸಂಜೆ ಆರು, ರಸ್ತೆ ಬದಿಗೆ ಕಾರುಗಳ ಸಾಲು. ನಾನು ಪಕ್ಕದಲ್ಲಿ ನಿಧಾನವಾಗಿ ಬರುತ್ತಿದ್ದೆ, ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ಒಂದು ಕಟ್ಟು ಹರಿವೆ, ಅರ್ಧ ಕೆಜಿ ಈರುಳ್ಳಿ. ನಿಂತ ಕಾರಿನ ಬಲಬಾಗಿಲು ಫಟ್ ಅಂತ ತೆಗೆಯಿತು. ಬ್ರೇಕ್ ಹಿಡಿಯಲಿಕ್ಕೂ ಹೊತ್ತಾಗಲಿಲ್ಲ. ಬಾಗಿಲಿನ ಅಂಚು ಬೆರಳಿಗೆ ಬಡಿಯಿತು, ನಾನು ಬಲಕ್ಕೆ, ಈರುಳ್ಳಿ ಎಡಕ್ಕೆ. ಹಿಂದಿನಿಂದ ಬರುತ್ತಿದ್ದ ರಿಕ್ಷಾದವನು ನಿಲ್ಲಿಸಿದ ಅಂತ ಇವತ್ತು ಮಾತಾಡುತ್ತಿದ್ದೇನೆ. ಕಾರಿನಿಂದ ಇಳಿದ ಹೆಂಗಸು ನನಗಿಂತ ಜಾಸ್ತಿ ಹೆದರಿದ್ದರು. 'ಅಯ್ಯೋ, ಕಂಡೇ ಇಲ್ಲ ಮಾರಾಯ್ತಿ, ಕಂಡೇ ಇಲ್ಲ' ಅಂತ ಅದೊಂದೇ ಮಾತು. ನೆಲಕ್ಕೆ ಬಗ್ಗಿ ಈರುಳ್ಳಿ ಹೆಕ್ಕಿಕೊಟ್ಟರು. ಒಂದು ಚರಂಡಿಗೆ ಹೋಗಿತ್ತು, ಅದಕ್ಕೂ ಕೈ ಹಾಕಲಿಕ್ಕೆ ಹೊರಟಿದ್ದರು, ನಾನೇ ಬೇಡ ಅಂದೆ.

ಈ 'ಕಂಡೇ ಇಲ್ಲ' ಇದೆಯಲ್ಲ, ಇಂಗ್ಲೆಂಡಿನ ಸೈಕಲ್, ಬೈಕಿನವರು ಇದಕ್ಕೇ ಒಂದು ಹೆಸರು ಮಾಡಿಕೊಂಡಿದ್ದಾರೆ. 'ಸ್ಮಿಡ್ಸಿ'. 'ಸಾರಿ ಮೇಟ್, ಐ ಡಿಡ್ ನಾಟ್ ಸೀ ಯೂ' ಅನ್ನೋದರ ಮೊದಲಕ್ಷರಗಳನ್ನು ಪೋಣಿಸಿದ್ದು. ಗುದ್ದಿದವರು ಎಲ್ಲರೂ ಅದನ್ನೇ ಹೇಳಿ ಹೇಳಿ ಅದು ಅಪಘಾತದ ಒಂದು ಜಾತಿಯ ಹೆಸರೇ ಆಗಿಬಿಟ್ಟಿತು: 'ಏನಾಯ್ತು?' 'ಸ್ಮಿಡ್ಸಿ ಆಯ್ತು.' ತಮಾಷೆ ಅನ್ನಿಸುತ್ತದೆ, ಆದರೆ ಅದರೊಳಗೆ ಕಹಿ ಇದೆ. ನೋಡದೇ ಇದ್ದದ್ದು ತಪ್ಪು ಅಂತ ಯಾರೂ ಹೇಳುವುದಿಲ್ಲ, ಕಾಣದೇ ಇದ್ದದ್ದು ಸೈಕಲ್ಲಿನವನ ತಪ್ಪು ಅನ್ನುವ ಹಾಗೆ ಹೇಳುತ್ತಾರೆ.

ಬಾಗಿಲಿಗೆ ಮದ್ದು ಬಹಳ ಸುಲಭದ್ದು. ರಸ್ತೆಯ ಎಡಬದಿಗೆ ಕಾರು ನಿಲ್ಲಿಸಿದ್ದೀರಿ, ಬಲಬಾಗಿಲು ತೆಗೆಯಬೇಕು. ಬಲಗೈಯಲ್ಲಿ ತೆಗೆಯಬೇಡಿ, ಎಡಗೈ ಚಾಚಿ ತೆಗೆಯಿರಿ. ಮೈ ತಾನಾಗೇ ತಿರುಗುತ್ತದೆ, ಹಿಂದೆ ಯಾರು ಬರುತ್ತಿದ್ದಾರೆ ಅಂತ ಕಾಣುತ್ತದೆ. ಇದಕ್ಕೆ 'ಡಚ್ ರೀಚ್' ಅಂತ ಹೆಸರು. ಅವತ್ತು ಸಭೆಯಲ್ಲಿ ಎಲ್ಲರಿಗೂ ಕೂತಲ್ಲೇ ಎಡಗೈ ಎತ್ತಿ ಮಾಡಿ ತೋರಿಸಿ ಅಂದಿದ್ದೆ. ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥಧಾರಿ ಕೈ ಎತ್ತಿದ ಹಾಗೆ ಎಲ್ಲರೂ ಎತ್ತಿದರು. ಮನೆಗೆ ಹೋಗುವಾಗ ಎಷ್ಟು ಜನ ಮಾಡಿದರೋ!

ಹೊರಗಿನ ಮಾತುಗಳಲ್ಲಿ ನನಗೆ ತುಂಬ ಹಿಡಿಸಿದ್ದು 'ಕೇಜರ್'. ಕೇಜ್ ಅಂದರೆ ಪಂಜರ. ಕಾರಲ್ಲಿ ಹೋಗುವವನು ಪಂಜರದವನು. ಅಮೆರಿಕದ ಬೈಕ್ ಸವಾರರಲ್ಲಿ ಓಡಾಡುತ್ತಿದ್ದ ಮಾತು, ಸೈಕಲ್ಲಿನವರೂ ಎತ್ತಿಕೊಂಡರು. ನೋಡಿ, ಅಲ್ಲಿ ಪಂಜರ, ಇಲ್ಲಿ ಡಬ್ಬಿ. ಎರಡು ಕಡೆಯೂ ಮನುಷ್ಯನಿಗೆ ಹೆಸರಿಟ್ಟಿಲ್ಲ, ಅವನು ಕೂತಿರುವ ತಗಡಿಗೆ ಇಟ್ಟಿದ್ದಾರೆ. ಯಾಕೆಂದರೆ ಸೈಕಲ್ಲಿನ ಮೇಲಿಂದ ಕಾಣುವುದು ಅಷ್ಟೇ. ಕರಿ ಗಾಜು, ಅದರ ಮೇಲೆ ಅಡಿಕೆ ಮರದ ನೆರಳು, ಒಳಗೆ ಯಾರೋ.

ಈಗ 30, 31, 47ಕ್ಕೆ ಬರೋಣ. ಅದಕ್ಕೆ ಯಾಕೆ ಹೆಸರಿಲ್ಲ? ಆ ಗಾಡಿಯವರು ದೇವರಂಥವರು ಅಂತಲ್ಲ. ಗಾಳಿ ಹಾಕುವುದರಲ್ಲಿ ನಮ್ಮೂರಿನವರದ್ದು ಎತ್ತಿದ ಕೈ. ಆದರೆ ಟೆಂಪೋ ಓಡಿಸುವವನು ಒಂದು ಕೈ ಹೊರಗೆ ಹಾಕಿಕೊಂಡೇ ಓಡಿಸುತ್ತಾನೆ, ಅವನ ಮುಖ ಕಾಣುತ್ತದೆ, ಮುಂದಿನ ಸ್ಟಾಪಿನಲ್ಲಿ ನಿಂತಿರುತ್ತಾನೆ, ಬೇಕಾದರೆ ಹೋಗಿ ಕೇಳಬಹುದು: 'ಏನ್ ತಮಾ, ನನ್ನ ಗಟಾರಕ್ಕೆ ಹಾಕ್ತಿದ್ಯಲ್ಲ?' ಅವನು ಹಲ್ಲು ಬಿಡುತ್ತಾನೆ: 'ಟೈಮ್ ಇಲ್ಲ ಅಕ್ಕೋರೇ.' ಅಲ್ಲಿಗೆ ಮುಗಿಯಿತು. ತಮಾ, ಅಣ್ಣ, ಬಾವ ಅಂತ ಕರೆಯಬಹುದಾದವರಿಗೆ ಅಡ್ಡಹೆಸರು ಅಂಟುವುದಿಲ್ಲ. ಗಾಜು ಇಳಿಸಿ 'ಅಕ್ಕಾ, ಯಾಣಕ್ಕೆ ದಾರಿ ಯಾವುದು?' ಅಂತ ಕೇಳಿದ ಸೊನ್ನೆ ಗಾಡಿಯವನೂ ಆ ಕ್ಷಣಕ್ಕೆ ಸೊನ್ನೆ ಅಲ್ಲ. ದಾರಿ ಹೇಳುತ್ತೇವೆ, ಅವನು ಥ್ಯಾಂಕ್ಸ್ ಅನ್ನುತ್ತಾನೆ, ಗಾಜು ಏರುತ್ತದೆ. ಮತ್ತೆ ಸೊನ್ನೆ.

ಕರಾವಳಿಯಲ್ಲಿ ಹೆದ್ದಾರಿ ಅಗಲ ಆದದ್ದು ಇದಕ್ಕೆ ದೊಡ್ಡ ಕಾರಣ ಅಂತ ನನ್ನ ಲೆಕ್ಕ. ನಾನು ಹುಟ್ಟಿ ಬೆಳೆದದ್ದು ಕುಮಟೆ ಕಡೆ. ಆಗ ಅದು ಹೆದ್ದಾರಿ 17, ಈಗ 66. ಹಳೇ ರಸ್ತೆ ಕಿರಿದು, ಎದುರಿಗೆ ಗಾಡಿ ಬಂದರೆ ಒಬ್ಬರು ಬದಿಗೆ ಇಳಿಯಲೇಬೇಕಿತ್ತು. ಯಾರು ಇಳಿಯಬೇಕು ಅನ್ನೋದು ಕಣ್ಣಿನಲ್ಲೇ ತೀರ್ಮಾನ ಆಗುತ್ತಿತ್ತು. ಹೈಸ್ಕೂಲಿಗೆ ನಾನು ಅಪ್ಪನ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದುಕೊಂಡು ಹೋಗುತ್ತಿದ್ದೆ, ಬಸ್ಸಿನ ಡ್ರೈವರು ಬಗ್ಗಿ 'ಮಾಸ್ತರ ಮಗಳೇ, ಲಂಗ ಚೈನಿಗೆ ಸಿಕ್ತು ನೋಡು' ಅಂತ ಕೂಗಿದ್ದು ನೆನಪಿದೆ. ಈಗ ನಾಲ್ಕು ಪಥ. 80ರ ವೇಗದಲ್ಲಿ ಹೋಗುವವನಿಗೆ ಯಾರ ಮಗಳೂ ಕಾಣುವುದಿಲ್ಲ.

ಅದೇ ಹೆದ್ದಾರಿ ನಮ್ಮನ್ನೂ ಕೆಡಿಸಿದೆ, ಅದನ್ನೂ ಹೇಳಬೇಕು. ರಸ್ತೆ ಮಧ್ಯೆ ಡಿವೈಡರ್. ಎದುರಿನ ಅಂಗಡಿಗೆ ಹೋಗಬೇಕು ಅಂದರೆ ಎಷ್ಟೋ ದೂರ ಹೋಗಿ ತಿರುಗಿ ಬರಬೇಕು. ಪೆಟ್ರೋಲಿನವನಿಗೆ ಅದು ಎರಡು ನಿಮಿಷ, ಕಾಲಿನಲ್ಲಿ ತುಳಿಯುವವನಿಗೆ ಹಾಗಲ್ಲ. ಹಾಗಾಗಿ ಉಲ್ಟಾ ಬರುತ್ತೇವೆ, ಬರುವ ಗಾಡಿಗಳ ಎದುರಿಗೇ. ಹೀಗೆ ಬರುವವರಿಗೆ ಅಮೆರಿಕದ ಸೈಕಲ್ಲಿನವರು 'ಸಾಲ್ಮನ್' ಅನ್ನುತ್ತಾರೆ, ಹೊಳೆಯ ಹರಿವಿಗೆ ಎದುರಾಗಿ ಈಜುವ ಮೀನು. ಇದನ್ನು ಓದಿದಾಗ ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ನಮ್ಮಲ್ಲಿ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಹತ್ಮೀನು ಇಲ್ಲವಾ? ಅವತ್ತಿನಿಂದ ನಮ್ಮ ಗುಂಪಿನಲ್ಲಿ ಉಲ್ಟಾ ಬರುವವರು ಹತ್ಮೀನು. ಹತ್ಮೀನಿಗೆ ಕಡೆಗೆ ಏನಾಗುತ್ತದೆ ಅಂತ ಇಲ್ಲಿ ಮೀನು ತಿನ್ನುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಲೆ ಹಿಡಿದು ಕಾಯುತ್ತಿರುತ್ತಾರೆ.

ಹೆಸರಿಡುವುದು ನಮ್ಮ ಕಡೆಯಿಂದ ಮಾತ್ರ ಅಲ್ಲ. ಕಾರಿನ ಕಡೆಯವರು ಇಟ್ಟ ಹೆಸರು ಇನ್ನೂ ಗಟ್ಟಿ. ಅಮೆರಿಕದಲ್ಲಿ 'ಜೇ' ಅಂದರೆ ಹಳ್ಳಿ ಗುಗ್ಗು. ಮೊದಲು ಬಂದದ್ದು 'ಜೇ ಡ್ರೈವರ್', ಗಾಡಿ ಓಡಿಸಲಿಕ್ಕೆ ಬಾರದ ಗುಗ್ಗು ಅಂತ. ಆಮೇಲೆ 1910, 20ರ ದಶಕದಲ್ಲಿ ಕಾರುಗಳು ಜಾಸ್ತಿ ಆಗಿ ಜನ ಸಾಯಲಿಕ್ಕೆ ಶುರುವಾದಾಗ, ತಪ್ಪು ಯಾರದ್ದು ಅನ್ನುವ ಜಗಳದಲ್ಲಿ ಮೋಟಾರು ಕ್ಲಬ್ಬಿನವರು 'ಜೇ ವಾಕರ್' ಅನ್ನೋದನ್ನು ಜೋರಾಗಿ ಹರಡಿದರು. ಅಲ್ಲಿಯವರೆಗೆ ರಸ್ತೆ ನಡೆಯುವವರದ್ದೂ ಹೌದು, ಮಕ್ಕಳು ಆಡುವುದೂ ಅಲ್ಲೇ. ಒಂದು ಬೈಗುಳ ಬಂತು, ನಡೆಯುವವನು ಗುಗ್ಗು ಆದ. ಜೇ ಡ್ರೈವರ್ ಎಲ್ಲಿ ಹೋದನೋ ಯಾರಿಗೂ ನೆನಪಿಲ್ಲ. ನಾವೂ ರಸ್ತೆ ದಾಟುವವನಿಗೆ 'ಎಮ್ಮೆ ಥರ ಬರ್ತಾನೆ' ಅನ್ನುತ್ತೇವೆ. ಎಮ್ಮೆ ಥರ ಓಡಿಸ್ತಾನೆ ಅಂದದ್ದು ಕೇಳಿದ್ದೀರಾ?

ಮಾತು ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದಕ್ಕೆ 2023ರಲ್ಲಿ ಇಯಾನ್ ವಾಕರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಬ್ರಿಟನ್ನಿನಲ್ಲಿ ಮಾಡಿದ ಒಂದು ಕೆಲಸ ನೋಡಿ. ಜನ ಜಾಸ್ತಿ ಇರುವಲ್ಲಿ, ಬೇರೆಯವರು ಹೊಗೆ ಕುಡಿಯಬೇಕಾಗುವ ಕಡೆ, ಸಿಗರೇಟು ಸೇದಬಾರದು ಅಂದರೆ ಒಪ್ಪುತ್ತೀರಾ ಅಂತ ಕೇಳಿದರು. ನೂರಕ್ಕೆ 75 ಜನ ಹೌದು ಅಂದರು. ಅದೇ ವಾಕ್ಯದಲ್ಲಿ ಸಿಗರೇಟು ತೆಗೆದು ಕಾರು ಓಡಿಸಬಾರದು ಅಂತ ಹಾಕಿ ಕೇಳಿದರು. ಒಪ್ಪಿದವರು 17. ಹೊಗೆ ಹೊಗೆಯೇ, ಅಲ್ವಾ?

ಈ ವಾಕರ್ ಅವರದ್ದೇ ಇನ್ನೊಂದು ಹಳೇ ಪ್ರಯೋಗ ಇದೆ, 2007ರಲ್ಲಿ ಪ್ರಕಟವಾದದ್ದು. ಸೈಕಲ್ಲಿಗೆ ಅಳತೆಯ ಯಂತ್ರ ಕಟ್ಟಿಕೊಂಡು ತಾವೇ ತುಳಿದರು, ಎರಡು ಸಾವಿರಕ್ಕೂ ಹೆಚ್ಚು ಗಾಡಿ ತಮ್ಮನ್ನು ಎಷ್ಟು ದೂರದಿಂದ ದಾಟಿದವು ಅಂತ ಅಳೆದರು. ಹೆಲ್ಮೆಟ್ ಹಾಕಿದಾಗ ಸರಾಸರಿ ಎಂಟೂವರೆ ಸೆಂಟಿಮೀಟರ್ ಹತ್ತಿರದಿಂದ ಹೋದರಂತೆ. ಉದ್ದ ಕೂದಲಿನ ಟೋಪನ್ನು ಹಾಕಿ ಹಿಂದಿನಿಂದ ಹೆಂಗಸಿನ ಹಾಗೆ ಕಂಡಾಗ ಜಾಸ್ತಿ ಜಾಗ ಬಿಟ್ಟರಂತೆ. ಹೆಲ್ಮೆಟ್ಟಿನ ಲೆಕ್ಕವನ್ನು ಆಮೇಲೆ ಬೇರೆ ಸಂಶೋಧಕರು ಪ್ರಶ್ನೆ ಮಾಡಿದ್ದಾರೆ, ಹಾಗಾಗಿ ದಯವಿಟ್ಟು ಇದನ್ನು ಕೇಳಿ ಯಾರೂ ಹೆಲ್ಮೆಟ್ ಬಿಚ್ಚಿಡಬೇಡಿ. ಆದರೆ ಟೋಪನ್ನಿನ ಮಾತು ನನಗೆ ಓದುವ ಮೊದಲೇ ಗೊತ್ತಿತ್ತು. ನಾನು ಜಡೆಯನ್ನು ಜರ್ಸಿಯ ಒಳಗೆ ಹಾಕಿಕೊಂಡ ದಿನ ಒಂಥರ, ಹೊರಗೆ ಬಿಟ್ಟ ದಿನ ಒಂಥರ. ಜಡೆ ಹೊರಗಿದ್ದರೆ ಡಬ್ಬಿ ಒಂದಿಷ್ಟು ಬಲಕ್ಕೆ ಸರಿಯುತ್ತದೆ. ಗೌರವವೋ, ಹೆಂಗಸು ಯಾವಾಗ ಬೀಳುತ್ತಾಳೋ ಅನ್ನುವ ಹೆದರಿಕೆಯೋ ಗೊತ್ತಿಲ್ಲ. ಎರಡನೆಯದೇ ಇರಬೇಕು. ಆದರೂ ಜಡೆ ಹೊರಗೇ ಇರಲಿ ಅಂತ ತೀರ್ಮಾನ ಮಾಡಿದ್ದೇನೆ.

ನಾನು ಕಾರಿನಲ್ಲಿದ್ದಾಗ ಏನಾಗುತ್ತದೆ ಅಂತ ಯಾರೋ ಕೇಳಿದರು. ಒಳ್ಳೇ ಪ್ರಶ್ನೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಹೋದ ವರ್ಷ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ತೋರಿಸಲಿಕ್ಕೆ ಕುಮಟೆಗೆ ಕರೆದುಕೊಂಡು ಹೋಗುತ್ತಿದ್ದೆ. ದೇವಿಮನೆ ಘಾಟಿಯ ತಿರುವಿನಲ್ಲಿ ಮುಂದೆ ಇಬ್ಬರು ಸೈಕಲ್ಲಿನವರು, ಅಕ್ಕಪಕ್ಕ, ಹರಟೆ ಹೊಡೆಯುತ್ತಾ. ಎದುರಿನಿಂದ ಬಸ್ಸು. ನನ್ನ ಬಾಯಿಂದ ತಾನಾಗೇ ಬಂತು: 'ಈ ಸರ್ಕಸ್ಸಿನವ್ರಿಗೆ ಮನೇಲಿ ಕೆಲಸ ಇಲ್ವಾ!' ಅಮ್ಮ ಹಿಂದೆ ಕೂತವಳು ಜೋರಾಗಿ ನಕ್ಕುಬಿಟ್ಟಳು. 'ನೀನೂ ಅದೇ ಸರ್ಕಸ್ಸಿನವಳೇ ಅಲ್ದನೇ?' ಅಂದಳು. ಸೀಟು ಅದಲು ಬದಲಾದರೆ ನಾಲಗೆಯೂ ಬದಲಾಗುತ್ತದೆ. ಗಾಜು ಏರಿಸಿ ಏಸಿ ಹಾಕಿದ್ದೆ, ಆ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ಕಂಡಿದ್ದರೆ ಬಹುಶಃ ನಮ್ಮ ಗುಂಪಿನವರೇ ಆಗಿರುತ್ತಿದ್ದರು.

ನಮ್ಮ ಈ ಎಲ್ಲ ಮಾತು, ಡಬ್ಬಿ, ಫ್ರಿಜ್ಜು, ಸೊನ್ನೆ, ಇವು ಹೊಟ್ಟೆ ತುಂಬಿದ ಸೈಕಲ್ಲಿನವರ ಮಾತು ಅನ್ನೋದನ್ನು ನನಗೆ ಗೊತ್ತು ಮಾಡಿಸಿದ್ದು ಕಾರವಾರದ ಒಬ್ಬ ಪೊದೇರ್. ಪೊದೇರ್ ಅಂದರೆ ಪಾವ್ ಮಾರುವವನು. ಹಿಂದಿನ ಕ್ಯಾರಿಯರ್ ಮೇಲೆ ದೊಡ್ಡ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್, ಹ್ಯಾಂಡಲ್ಲಿಗೆ ರಬ್ಬರ್ ಹಾರ್ನು, ಪೊಂಯ್ ಪೊಂಯ್. ಸದಾಶಿವಗಡದ ಕಡೆಯಿಂದ ಕಾಳಿ ಸೇತುವೆ ದಾಟಿ ಊರೊಳಗೆ ಬರುತ್ತಾನೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಹೊಳೆಗೆ ಬಿತ್ತಲ್ಲ, ಆಮೇಲೆ ಎರಡೂ ದಿಕ್ಕಿನ ಗಾಡಿಗಳು ಹೊಸ ಸೇತುವೆಯಲ್ಲೇ ಓಡಲಿಕ್ಕೆ ಶುರುವಾದ ದಿನಗಳಲ್ಲಿ ನಾನು ಅವನನ್ನು ಕೇಳಿದೆ, ಗೋವಾ ಕಡೆಯಿಂದ ನುಗ್ಗಿ ಬರುವ ಈ ಕಾರಿನವರಿಗೆ ನೀವು ಏನಂತ ಕರೀತೀರಿ ಅಂತ. ನನಗೊಂದು ಹೊಸ ಬೈಗುಳ ಸಿಗಬಹುದು ಅನ್ನುವ ಆಸೆ. ಅವನು ಪ್ರಶ್ನೆಯೇ ಅರ್ಥ ಆಗದ ಹಾಗೆ ನೋಡಿದ. 'ಏನಂತ ಕರೀಬೇಕು ಅಕ್ಕಾ? ಹಾರ್ನ್ ಕೇಳಿದ್ರೆ ಇಳಿದು ನಿಲ್ತೇನೆ. ಪಾವ್ ಬಿದ್ರೆ ಯಾರು ಕೊಡ್ತಾರೆ?'

ನಾವು ಬಿದ್ದರೆ ಮೊಣಕಾಲು ತರಚುತ್ತದೆ, ಅದರ ಫೋಟೋ ಹಾಕಿಕೊಳ್ಳುತ್ತೇವೆ. ಅವನು ಬಿದ್ದರೆ ಆ ದಿನದ ದುಡಿಮೆ ಮಣ್ಣುಪಾಲು. ಅವನ ಬುಟ್ಟಿಗೆ ಒಂದು ಕೆಂಪು ರಿಫ್ಲೆಕ್ಟರ್ ಕಟ್ಟಿಕೊಟ್ಟು ಬಂದೆ, ಅದಕ್ಕಿಂತ ದೊಡ್ಡದೇನೂ ನನ್ನಿಂದ ಆಗಲಿಲ್ಲ. ಬೇಡ ಅಂದರೂ ನಾಲ್ಕು ಪಾವ್ ಕೊಟ್ಟ.

ರಸ್ತೆಗೆ ಟ್ಯಾಕ್ಸ್ ಕಟ್ಟುವವರು ನಾವು, ನೀವಲ್ಲ ಅಂತ ಒಬ್ಬ ಯುವಕರು ಎದ್ದು ಹೇಳಿದರು. ಅದಕ್ಕೆ ನಾನು ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನ ಹಿರಿಯರೊಬ್ಬರು ಕೊಟ್ಟರು. ಅವರ ಕಾಲದಲ್ಲಿ ಸೈಕಲ್ಲಿಗೂ ತೆರಿಗೆ ಇತ್ತು, ವರ್ಷ ವರ್ಷ ಕಟ್ಟಿ ತಗಡಿನ ಬಿಲ್ಲೆ ತಂದು ಸೈಕಲ್ಲಿಗೆ ಕಟ್ಟಿಕೊಳ್ಳಬೇಕಿತ್ತು, ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ ರೈಡ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು. 'ಕಾರು ಅಂದ್ರೆ ಊರಿಗೆ ಎರಡೋ ಮೂರೋ ಇದ್ವು. ಡಬ್ಬಿ ಗಿಬ್ಬಿ ಏನೂ ಅಂತಿರ್ಲಿಲ್ಲ. ಸದ್ದು ಕೇಳಿದ್ರೇ ಯಾರ ಮನೆ ಕಾರು ಅಂತ ಗೊತ್ತಾಗ್ತಿತ್ತು' ಅಂದರು.

ಕೊನೆಗೆ ಒಬ್ಬ ಟೆಂಪೋ ಡ್ರೈವರು ಬಾಗಿಲ ಹತ್ತಿರದಿಂದ ಕೈ ಎತ್ತಿದ. ಮಳೆಗೆ ಅಂತ ಒಳಗೆ ಬಂದು ನಿಂತವನು ಕಾಣುತ್ತದೆ, ಪೂರ್ತಿ ಕೇಳಿಸಿಕೊಂಡಿದ್ದ. 'ನಾವು ನಿಮ್ಗೆ ಏನಂತೀವಿ ಗೊತ್ತಾ ಅಕ್ಕೋರೇ?' ಅಂದ. ಎಲ್ಲರೂ ತಿರುಗಿ ನೋಡಿದರು. 'ದೀಪಾವಳಿ.' ಬೆಳಗಿನ ಮಂಜಿನಲ್ಲಿ ನಮ್ಮ ಸೈಕಲ್ಲುಗಳ ಹಿಂದಿನ ಕೆಂಪು ದೀಪಗಳು ಪಿಳಿಪಿಳಿ ಅನ್ನುತ್ತಾ ಸಾಲಾಗಿ ಹೋಗುತ್ತವಲ್ಲ, ಅದಕ್ಕೆ. ಸಭೆ ನಗುತ್ತಿರುವಾಗಲೇ ಅವನು ಇನ್ನೊಂದು ಮಾತು ಸೇರಿಸಿದ. ದೀಪ ಹಾಗೆ ಹತ್ತಿ ಆರಿ ಮಾಡುತ್ತಿದ್ದರೆ ಸೈಕಲ್ ಎಷ್ಟು ದೂರ ಇದೆ ಅಂತ ತನಗೆ ಅಂದಾಜು ಸಿಗುವುದಿಲ್ಲ, ಒಂದಾದರೂ ಸುಮ್ನೆ ಉರಿಯುತ್ತಿದ್ದರೆ ಸಿಗುತ್ತದೆ ಅಂತ.

ಮಂಗಳವಾರದಿಂದ ನಮ್ಮ ಸಾಲಿನ ಕೊನೆಯ ಸೈಕಲ್ಲಿಗೆ ಎರಡು ದೀಪ ಕಟ್ಟಿದ್ದೇವೆ, ಒಂದು ಪಿಳಿಪಿಳಿ, ಒಂದು ಸುಮ್ನೆ ಉರಿಯುವುದು. ನಿನ್ನೆ ಬನವಾಸಿ ರಸ್ತೆಯಲ್ಲಿ ಅವನದೇ ಟೆಂಪೋ ಹಿಂದಿನಿಂದ ಬಂತು. ಕೊನೆಯಲ್ಲಿದ್ದವಳು ನಾನು, ಅಭ್ಯಾಸಕ್ಕೆ 'ಡಬ್ಬಿ!' ಅಂತ ಕೂಗಿದೆ. ಅವನು ಅಷ್ಟು ದೂರ ಬಿಟ್ಟು ದಾಟಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, 'ಹ್ಯಾಪಿ ದೀಪಾವಳಿ ಅಕ್ಕೋರೇ' ಅಂತ ಕಿರುಚಿಕೊಂಡು ಹೋದ.